ತಕ್ಕಡಿ ಎಲ್ಲರಿಗೂ ಕಾಣಲಿ: 55 ಕೆ.ಜಿ. ಕಬಡ್ಡಿಯ ನ್ಯಾಯ

"ಆಟಕ್ಕುಂಟು, ಲೆಕ್ಕಕ್ಕಿಲ್ಲ." ಈ ಮಾತು ಕೇಳದೆ ನಮ್ಮ ಕಡೆ ಯಾರೂ ದೊಡ್ಡವರಾಗಿಲ್ಲ. ಅಣ್ಣ ಅಕ್ಕ ಆಡುವಾಗ ಹಿಂದೆ ಬಿದ್ದು ಅಳುವ ಚಿಕ್ಕವರನ್ನು ಸಮಾಧಾನ ಮಾಡೋಕೆ ಹುಟ್ಟಿದ ನಿಯಮ ಇದು. ಚಿಕ್ಕವನು ಓಡಬಹುದು, ಕೂಗಬಹುದು, ಮುಟ್ಟಬಹುದು. ಆದರೆ ಅವನು ಔಟಾದರೆ ಔಟಲ್ಲ, ಅವನು ಮುಟ್ಟಿದರೆ ಪಾಯಿಂಟೂ ಅಲ್ಲ.

ಇದು ಪ್ರೀತಿಯ ನಿಯಮ. ಆದರೆ ತನ್ನನ್ನು ಸೇರಿಸಿಕೊಂಡಿದ್ದಾರೆಯೇ ಹೊರತು ಲೆಕ್ಕಕ್ಕೆ ತಗೊಂಡಿಲ್ಲ ಅನ್ನೋದು ಒಂದು ವಯಸ್ಸಿಗೆ ಬಂದ ಮೇಲೆ ಮಗುವಿಗೂ ಗೊತ್ತಾಗುತ್ತೆ. ಆಮೇಲೆ ಆ ಆಟ ರುಚಿಸಲ್ಲ.

ಬಲ ಕಡಿಮೆ ಇರುವವರನ್ನು ಸೇರಿಸಿಕೊಳ್ಳೋಕೆ ಇನ್ನೊಂದು ದಾರಿಯೂ ಇದೆ. ಕ್ಯಾರಂ ಬೋರ್ಡಿನ ಮುಂದೆ ಕೂತ ಹಳೇ ಕೈಯೊಂದು ಹೊಸಬನಿಗೆ "25ಕ್ಕೆ ಆಟ, ನಿಂಗೆ ಹತ್ತು ಪಾಯಿಂಟ್ ಮೊದಲೇ ಬಿಟ್ಟೆ, ಬಾ" ಅನ್ನುತ್ತೆ. ಈಗ ಹೊಸಬ ಗೆದ್ದರೆ ಗೆದ್ದ ಹಾಗೇ, ಸೋತರೆ ಸೋತ ಹಾಗೇ. ಅವನು ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು. ಇದಕ್ಕೆ ಇಂಗ್ಲಿಷಿನವರು ಹ್ಯಾಂಡಿಕ್ಯಾಪ್ ಅಂತಾರೆ. ಬಲಶಾಲಿಗೆ ಸ್ವಲ್ಪ ಭಾರ ಹೊರಿಸೋದು, ಇಲ್ಲವೇ ಬಲ ಕಡಿಮೆ ಇರುವವನನ್ನು ನಾಲ್ಕು ಹೆಜ್ಜೆ ಮುಂದೆ ನಿಲ್ಲಿಸೋದು.

ಶಿಕಾರಿಪುರ, ಸೊರಬದ ಊರುಗಳಲ್ಲಿ ಈ ಪದ ಯಾರೂ ಬಳಸಲ್ಲ. ಆದರೆ ಭತ್ತ ಕೊಯ್ದು ಗದ್ದೆ ಖಾಲಿಯಾದ ಮೇಲೆ ವಾಟ್ಸಾಪಿನಲ್ಲಿ ಬರುವ ಒಂದೊಂದು ಪೋಸ್ಟರಿನಲ್ಲೂ ಇದೇ ಲೆಕ್ಕಾಚಾರ ಇರುತ್ತೆ. "55 ಕೆ.ಜಿ. ವಿಭಾಗದ ಹೊನಲು ಬೆಳಕಿನ ಕಬಡ್ಡಿ." "60 ಕೆ.ಜಿ. ಒಳಗಿನವರಿಗೆ ಮಾತ್ರ." "ಒಂದೇ ಗ್ರಾಮ ಪಂಚಾಯಿತಿ ಆಟಗಾರರು. ಆಧಾರ್ ಕಾರ್ಡ್ ಕಡ್ಡಾಯ." ಪೋಸ್ಟರಿನಲ್ಲಿ ಮುಖಂಡರ ಫೋಟೋಗಳು ದೊಡ್ಡದಾಗಿ, ಈ ಸಾಲುಗಳು ಸಣ್ಣದಾಗಿ ಇರುತ್ತವೆ. ರಾತ್ರಿ ಹನ್ನೆರಡಕ್ಕೆ ಜಗಳ ಶುರುವಾಗೋದು ಮಾತ್ರ ಈ ಸಣ್ಣ ಸಾಲುಗಳ ಮೇಲೇ.

ನಮ್ಮ ಅಕ್ಷರ ಸ್ವಲ್ಪ ದುಂಡಗಿದೆ, ಮೈಕಿನಲ್ಲಿ ಮಾತಾಡೋಕೆ ಬರುತ್ತೆ ಅಂತ ನಮ್ಮನ್ನು ಅಂಕ ಬರೆಯುವ ಟೇಬಲ್ಲಿಗೆ ಕೂರಿಸ್ತಾರೆ. ಹಾಗಾಗಿ ಈ ಜಗಳಗಳನ್ನು ನಾವು ಹತ್ತಿರದಿಂದಲೇ ನೋಡಿದ್ದೇವೆ. ಕೈಕೈ ಮಿಲಾಯಿಸಿದ್ದು ನೋಡಿದ್ದೇವೆ. ಅಕ್ಕಪಕ್ಕದ ಎರಡು ಊರಿನ ಹುಡುಗರು ಒಬ್ಬರ ಮದುವೆಗೆ ಒಬ್ಬರು ಹೋಗದ ಹಾಗೆ ಆಗಿದ್ದನ್ನೂ ನೋಡಿದ್ದೇವೆ. ಅದಕ್ಕೇ ಇದನ್ನು ಬರೀತಿದ್ದೇವೆ.

ತೂಕ ಯಾಕೆ ಬಂತು?

ಕಬಡ್ಡಿಯಲ್ಲಿ ಮೈತೂಕಕ್ಕೆ ಬೆಲೆ ಇದೆ. ಅಂಕಣದಲ್ಲಿ ಏಳು ಜನ. ರೈಡಿಗೆ ಹೋದವನನ್ನು ಹಿಡಿದು ನಿಲ್ಲಿಸಬೇಕು, ಇಲ್ಲವೇ ಅವನು ಹಿಡಿದವರನ್ನೇ ಎಳಕೊಂಡು ಗೆರೆ ಮುಟ್ಟಬೇಕು. 50 ಕೆ.ಜಿ. ಹುಡುಗ ಎಷ್ಟೇ ಚುರುಕಿದ್ದರೂ 80 ಕೆ.ಜಿ. ಆಳು ಮೇಲೆ ಬಿದ್ದರೆ ಆಟ ಅಲ್ಲಿಗೆ ಮುಗೀತು. ಕೆಲವೊಮ್ಮೆ ಮೊಣಕಾಲೂ ಮುಗಿಯುತ್ತೆ.

ಇದು ನಮ್ಮೂರಿನವರು ಮಾತ್ರ ಕಂಡುಕೊಂಡಿದ್ದಲ್ಲ. ಅಖಿಲ ಭಾರತ ಅಮೆಚೂರ್ ಕಬಡ್ಡಿ ಒಕ್ಕೂಟದ ನಿಯಮದಲ್ಲೂ ಮಿತಿ ಇದೆ. ಗಂಡಸರಿಗೆ 85 ಕೆ.ಜಿ., ಹೆಂಗಸರಿಗೆ 75 ಕೆ.ಜಿ. ಇಪ್ಪತ್ತು ವರ್ಷದೊಳಗಿನ ಹುಡುಗರಿಗೆ ಮಿತಿ ಇನ್ನೂ ಕಡಿಮೆ. ಆದರೆ 85 ಅನ್ನೋದು ಟಿವಿಯಲ್ಲಿ ಕಾಣುವ ಆಟಗಾರರ ಮೈಕಟ್ಟಿಗೆ ಹೊಂದುವ ಅಳತೆ. ಶುಂಠಿ ಕಿತ್ತು, ಜೋಳದ ಚೀಲ ಹೊತ್ತು, ಅಡಿಕೆ ಕೊಯ್ಲಿನ ನಡುವೆ ಬಿಡುವು ಮಾಡಿಕೊಂಡು ಬರುವ ನಮ್ಮ ಹುಡುಗರಲ್ಲಿ ಎಷ್ಟೋ ಜನ ಅರವತ್ತರ ಆಸುಪಾಸಿನವರು. ಅವರಿಗಾಗಿ ನಮ್ಮೂರಿನವರೇ 55, 60, 65 ಅಂತ ಗೆರೆ ಎಳೆದುಕೊಂಡರು. ಇಂಥ ಗೆರೆ ಇರೋದರಿಂದಲೇ ನೂರು ಮನೆಯ ಊರು ಕೂಡ ಒಂದು ತಂಡ ಕಟ್ಟಿಕೊಂಡು, ಲಗೇಜ್ ಆಟೋ ಹತ್ತಿ, ಆನವಟ್ಟಿ ಕಡೆಗೋ ಶಿರಾಳಕೊಪ್ಪ ಕಡೆಗೋ ಹೊರಡುತ್ತೆ. ಗೆಲ್ಲುವ ಆಸೆ ಇಟ್ಟುಕೊಂಡೇ ಹೊರಡುತ್ತೆ.

ಕರಾವಳಿಯ ಕಂಬಳದಲ್ಲೂ ಹೀಗೇ. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ ಅಂತ ಕೋಣಗಳನ್ನು ಬೇರೆ ಬೇರೆ ಓಡಿಸ್ತಾರೆ. ಕಿರಿಯ ಗೆದ್ದರೂ ಗೆಲುವೇ. "ಕಿರಿಯ ತಾನೇ" ಅಂತ ಅಲ್ಲಿ ಯಾರೂ ಮೂಗು ಮುರಿಯಲ್ಲ.

ತಕ್ಕಡಿಯ ಮುಂದೆ

ಈಗ ತೂಕ ಹಾಕುವ ಹೊತ್ತಿಗೆ ಬನ್ನಿ. ಸಂಜೆ ಆರು ಗಂಟೆ. ಯಾರದೋ ಅಂಗಡಿಯಿಂದ ತಂದ ಜೋಳ ತೂಗುವ ಎಲೆಕ್ಟ್ರಾನಿಕ್ ಕಾಟಾ. ಒಬ್ಬೊಬ್ಬರೇ ಚಪ್ಪಲಿ ಬಿಚ್ಚಿ ಹತ್ತುತ್ತಾರೆ. 54.2. 53.8. 56.1.

56.1 ಬಂದ ಹುಡುಗ ಇಳಿದು ಕತ್ತಲಲ್ಲಿ ಓಡೋಕೆ ಶುರು ಮಾಡ್ತಾನೆ. ಮೈಮೇಲೆ ಜರ್ಕಿನ್, ಅದರ ಮೇಲೆ ಇನ್ನೊಂದು ಜರ್ಕಿನ್. ಬೆಳಗ್ಗಿನಿಂದ ಊಟ ಇಲ್ಲ, ಮಧ್ಯಾಹ್ನದಿಂದ ನೀರಿಲ್ಲ. ಉಗುಳಿ ಉಗುಳಿ ಬಾಯಿ ಒಣಗಿರುತ್ತೆ. ಒಂದು ಗಂಟೆ ಬಿಟ್ಟು ಬಂದು ಮತ್ತೆ ಹತ್ತುತ್ತಾನೆ. 55.4. ಮತ್ತೆ ಓಟ. ಕೊನೆಗೆ 55.0 ಬಂದಾಗ ತಂಡದವರು ಚಪ್ಪಾಳೆ ತಟ್ತಾರೆ. ಅಂಥವನೊಬ್ಬ ಎರಡನೇ ಅರ್ಧದಲ್ಲಿ ಎರಡೂ ಮೀನಖಂಡ ಹಿಡಕೊಂಡು ಅಂಕಣದ ಮಧ್ಯೆ ಕೂತುಬಿಟ್ಟಿದ್ದನ್ನು ನಾವು ನೋಡಿದ್ದೇವೆ. ಎತ್ತಿ ಹೊರಗೆ ತಂದಾಗ ಮೈ ತಣ್ಣಗಿತ್ತು. ಉಪ್ಪು ಸಕ್ಕರೆ ಹಾಕಿದ ನೀರು ಕುಡಿಸಿ, ಗಾಳಿ ಹಾಕಿ, ಅರ್ಧ ಗಂಟೆ ಆದಮೇಲೆ ಮಾತಾಡಿದ.

ಇಲ್ಲಿ ನಡೆದಿದ್ದು ಏನು ಅಂತ ಯೋಚಿಸಿ. 50 ಕೆ.ಜಿ. ಹುಡುಗನಿಗೆ ಅವಕಾಶ ಸಿಗಲಿ ಅಂತ ಮಾಡಿದ ನಿಯಮ. ಅದರಲ್ಲಿ 58 ಕೆ.ಜಿ. ಆಳು ನೀರು ಬಿಟ್ಟು 55 ಆಗಿ ನುಸುಳಿದ. ತೂಕ ಮುಗಿದ ಮೇಲೆ ಒಂದೂವರೆ ಲೀಟರ್ ನೀರು ಕುಡಿದರೆ ಆ ಒಂದೂವರೆ ಕೆ.ಜಿ. ಆಗಲೇ ವಾಪಸ್. ನಿಜವಾದ 50 ಕೆ.ಜಿ. ಹುಡುಗ ಮತ್ತೆ ಬೆಂಚಿಗೆ ಹೋದ. ನಿಯಮ ಮುರಿದಿಲ್ಲ, ಆದರೆ ನ್ಯಾಯ ಉಳಿದಿಲ್ಲ. ಜೊತೆಗೆ ಒಂದು ಜೀವ ಅಪಾಯಕ್ಕೆ ಬಿತ್ತು.

ಇದು ಎಲ್ಲಿಗೆ ಮುಟ್ಟಬಹುದು ಅನ್ನೋದಕ್ಕೆ ದೊಡ್ಡ ಆಟಗಳಲ್ಲಿ ಉದಾಹರಣೆ ಇದೆ. 2024ರ ಆಗಸ್ಟ್ 7ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ವಿನೇಶ್ ಫೋಗಟ್ 50 ಕೆ.ಜಿ. ಕುಸ್ತಿಯ ಫೈನಲ್ ದಿನ 100 ಗ್ರಾಂ ಹೆಚ್ಚು ಬಂದು ಹೊರಬಿದ್ದಿದ್ದು ನಿಮಗೆಲ್ಲ ನೆನಪಿರುತ್ತೆ. ರಾತ್ರಿಯಿಡೀ ಬೆವರು ಹರಿಸಿದ್ದರು, ಕೂದಲನ್ನೂ ಕತ್ತರಿಸಿದ್ದರು. ಅದಕ್ಕೂ ಹಿಂದೆ, 1997ರ ಕೊನೆಯಲ್ಲಿ, ಅಮೆರಿಕದ ಕಾಲೇಜುಗಳ ಮೂವರು ಕುಸ್ತಿಪಟುಗಳು ಹೀಗೆ ತೂಕ ಇಳಿಸೋಕೆ ಹೋಗಿ ಕೆಲವೇ ವಾರಗಳ ಅಂತರದಲ್ಲಿ ಸತ್ತರು. ಆಮೇಲೆ ಅಲ್ಲಿ ಬೆವರಿಳಿಸುವ ಪ್ಲಾಸ್ಟಿಕ್ ಉಡುಪು ನಿಷೇಧಿಸಿದರು, ತೂಕ ಹಾಕುವ ಹೊತ್ತನ್ನು ಪಂದ್ಯಕ್ಕೆ ಹತ್ತಿರ ತಂದರು. ಅವರ ಜೊತೆ ವೈದ್ಯರಿದ್ದರು, ತರಬೇತುದಾರರಿದ್ದರು. ನಮ್ಮ ಗದ್ದೆಯ ಅಂಕಣದಲ್ಲಿ ಇರೋದು ಒಂದು ಸ್ಪ್ರೇ ಡಬ್ಬಿ.

ಕಾಟಾಕ್ಕೆ ಕಾಣದ್ದು

ತೂಕದ ನಿಯಮಕ್ಕೆ ಇನ್ನೊಂದು ಮಿತಿ ಇದೆ. ಕಾಟಾ ಮೈಯನ್ನು ತೂಗುತ್ತೆ, ಆಟವನ್ನು ತೂಗಲ್ಲ. ಕ್ರೀಡಾ ವಸತಿ ಶಾಲೆಯಲ್ಲಿ ದಿನಾ ಎರಡು ಹೊತ್ತು ಅಭ್ಯಾಸ ಮಾಡಿದ ಹುಡುಗನೂ 54 ಕೆ.ಜಿ., ವಾರಕ್ಕೊಮ್ಮೆ ಕೆರೆ ದಂಡೆ ಮೇಲೆ ಆಡುವ ಹುಡುಗನೂ 54 ಕೆ.ಜಿ. ಕಾಟಾದ ಕಣ್ಣಿಗೆ ಇಬ್ಬರೂ ಒಂದೇ.

ಇದನ್ನು ಸರಿಮಾಡೋಕೆ ಬಂದಿದ್ದು "ಲೋಕಲ್" ನಿಯಮ. ದುಡ್ಡಿರುವ ತಂಡ ಹೊರಗಿನಿಂದ ನಾಲ್ಕು ಜನ ಪಳಗಿದ ಆಟಗಾರರನ್ನು ಕರೆತಂದು ಕಪ್ ಹೊತ್ತುಕೊಂಡು ಹೋಗಬಾರದು ಅಂತ. ಟೆನಿಸ್ ಬಾಲ್ ಕ್ರಿಕೆಟ್ಟಿನಲ್ಲೂ "ಒಬ್ಬ ಗೆಸ್ಟ್ ಆಟಗಾರ ಮಾತ್ರ" ಅನ್ನೋದು ಇದೇ ಕಾರಣಕ್ಕೆ. ಉದ್ದೇಶ ಒಳ್ಳೇದು. ಆದರೆ ಲೋಕಲ್ ಅಂದರೆ ಯಾರು?

ಹುಟ್ಟಿದ್ದು ಸೊರಬ ತಾಲ್ಲೂಕು, ಬೆಳೆದಿದ್ದು ಶಿಕಾರಿಪುರ ತಾಲ್ಲೂಕಿನ ಅಜ್ಜಿ ಮನೆ. ಆಧಾರಿನಲ್ಲಿ ಅಪ್ಪನ ಊರು. ಅವನು ಯಾವ ಊರಿನವನು? ಬೆಂಗಳೂರಿನಲ್ಲಿ ಕೆಲಸಕ್ಕಿರುವವನು ದೀಪಾವಳಿಗೆ ಬಂದಿದ್ದಾನೆ, ವೋಟು ಇಲ್ಲೇ ಇದೆ, ಆಧಾರಿನ ವಿಳಾಸ ಪೀಣ್ಯಕ್ಕೆ ಬದಲಾಗಿದೆ. ಅವನು ಹೊರಗಿನವನೇ? ನಮ್ಮೂರಲ್ಲೇ ಹತ್ತು ವರ್ಷದಿಂದ ಕೂಲಿ ಮಾಡುವ ಬೇರೆ ಜಿಲ್ಲೆಯ ಕುಟುಂಬದ ಹುಡುಗ, ಕಾರ್ಡಿನಲ್ಲಿ ಇನ್ನೂ ಹಳೇ ಊರು. ಅವನನ್ನು ಬಿಟ್ಟರೆ ಅದು ನ್ಯಾಯವೇ?

ಇಂಥ ಪ್ರಶ್ನೆಗೆ ಉತ್ತರ ಕೊಡೋದು ಕಷ್ಟ ಅಲ್ಲ. ಆದರೆ ನಮ್ಮಲ್ಲಿ ಉತ್ತರ ಹುಡುಕೋದು ಸೆಮಿಫೈನಲ್ ಸೋತ ಮೇಲೆ. ಆಗ ಯಾವ ಉತ್ತರ ಕೊಟ್ಟರೂ ಒಂದು ಊರಿಗೆ ಅನ್ಯಾಯ ಅನಿಸಿಯೇ ಅನಿಸುತ್ತೆ.

ಪೂಲ್ ಆಟದವರು ಮಾಡಿದ್ದು

ಆಟವನ್ನೇ ತೂಗೋಕೆ ಆಗಲ್ಲವೇ? ಅಮೆರಿಕದಲ್ಲಿ ಕೆಲವರು ಪ್ರಯತ್ನ ಮಾಡಿದ್ದಾರೆ. ಪೂಲ್ ಅಂದರೆ ಹಸಿರು ಬಟ್ಟೆಯ ಮೇಜಿನ ಮೇಲೆ ಕೋಲಿನಿಂದ ಚೆಂಡು ಗುಂಡಿಗೆ ಹಾಕುವ ಆಟ. ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ವಿಶ್ವ ಚಾಂಪಿಯನ್ ಆದ ಬಿಲಿಯರ್ಡ್ಸ್, ಸ್ನೂಕರಿನ ತಮ್ಮ ಅನ್ನಬಹುದು. ಅಲ್ಲಿ ಹಗಲು ಕೆಲಸ ಮಾಡಿ ಸಂಜೆ ಆಡುವವರಿಗಾಗಿ ಅಮೆರಿಕನ್ ಪೂಲ್‌ಪ್ಲೇಯರ್ಸ್ ಅಸೋಸಿಯೇಷನ್ ಅಂತ ದೊಡ್ಡ ಲೀಗ್ ಇದೆ.

ಅದರ ಎಂಟು ಚೆಂಡಿನ ಆಟದಲ್ಲಿ ಪ್ರತಿ ಆಟಗಾರನಿಗೂ 2ರಿಂದ 7ರವರೆಗೆ ಒಂದು ಅಂಕಿ. ಹೊಸಬನಿಗೆ 2, ಪಳಗಿದವನಿಗೆ 7. ಈ ಇಬ್ಬರೂ ಎದುರಾದರೆ 7ರವನು ಏಳು ಆಟ ಗೆಲ್ಲಬೇಕು, 2ರವನು ಎರಡು ಗೆದ್ದರೆ ಸಾಕು. ನಮ್ಮ ಕ್ಯಾರಂನ "ಹತ್ತು ಬಿಟ್ಟೆ ಬಾ" ಅನ್ನೋದೇ, ಸ್ವಲ್ಪ ಲೆಕ್ಕ ಹಾಕಿ ಮಾಡಿದ್ದು. ಇನ್ನೊಂದು ನಿಯಮವೂ ಇದೆ. ಒಂದು ಸಂಜೆ ತಂಡದಿಂದ ಆಡುವ ಐದು ಜನರ ಅಂಕಿ ಕೂಡಿಸಿದರೆ 23 ದಾಟುವಂತಿಲ್ಲ. ಅಂದರೆ ಐದೂ ಜನ ಹುಲಿಗಳನ್ನೇ ತರೋಕೆ ಆಗಲ್ಲ. ಇಬ್ಬರು ಬಲಶಾಲಿಗಳಿದ್ದರೆ ಹೊಸಬರಿಗೂ ಜಾಗ ಬಿಡಲೇಬೇಕು. ಹೊಸಬ ಅಲ್ಲಿ ಬೆಂಚು ಬಿಸಿ ಮಾಡೋಕಲ್ಲ, ತಂಡಕ್ಕೆ ಬೇಕಾದವನು.

ಅಲ್ಲೂ ಕಳ್ಳಾಟ ಇದೆ. ಅಂಕಿ ಕಡಿಮೆ ಇರಲಿ ಅಂತ ಬೇಕಂತಲೇ ಕೆಟ್ಟದಾಗಿ ಆಡೋದು. ನಮ್ಮವನು ನೀರು ಬಿಟ್ಟು ತೂಕ ಇಳಿಸಿದರೆ, ಅವನು ಆಟ ಬಿಟ್ಟು ಅಂಕಿ ಇಳಿಸ್ತಾನೆ. ಎರಡೂ ಒಂದೇ ಬುದ್ಧಿ. ಅದಕ್ಕೆ ಅವರು ಮಾಡಿದ್ದು ಏನು ಗೊತ್ತೇ? ಎರಡೂ ತಂಡದವರು ಅಂಕಪಟ್ಟಿ ಬರೀತಾರೆ. ಗೆದ್ದ ಸೋತ ಲೆಕ್ಕ ಮಾತ್ರ ಅಲ್ಲ, ಎಷ್ಟು ಸರದಿ ಹಿಡೀತು, ಯಾವ ಹೊಡೆತ ಬೇಕಂತಲೇ ತಪ್ಪಿಸಿದ್ದು ಅನ್ನೋದನ್ನೂ ಗುರುತು ಹಾಕ್ತಾರೆ. ಕಳ್ಳಾಟ ಪೂರ್ತಿ ನಿಲ್ಲಲ್ಲ. ಆದರೆ ಎರಡು ಜೊತೆ ಕಣ್ಣು ನೋಡ್ತಿರುತ್ತೆ.

ಹ್ಯಾಂಡಿಕ್ಯಾಪ್ ಅನ್ನೋ ಪದ ಹುಟ್ಟಿದ್ದರಲ್ಲೂ ಇದೇ ನೀತಿ ಇದೆ. ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ಇಬ್ಬರು ವಸ್ತು ಅದಲು ಬದಲು ಮಾಡಿಕೊಳ್ಳುವಾಗ ಮೂರನೆಯವನೊಬ್ಬ ಪಂಚನಾಗಿ ಕೂರುತ್ತಿದ್ದ. "ನಿನ್ನ ಕುದುರೆ ಒಳ್ಳೇದು, ಹಾಗಾಗಿ ಇವನು ಮೇಲೆ ಇಷ್ಟು ಕೊಡಲಿ" ಅಂತ ಅವನು ವ್ಯತ್ಯಾಸ ಕಟ್ಟುತ್ತಿದ್ದ. ಮೂವರೂ ಒಂದು ಟೋಪಿಗೆ ಸ್ವಲ್ಪ ಹಣ ಹಾಕಿರುತ್ತಿದ್ದರು. ಇಬ್ಬರೂ ಟೋಪಿಯೊಳಗೆ ಕೈ ಹಾಕಿ ಒಪ್ಪಿಗೆಯನ್ನೋ ನಿರಾಕರಣೆಯನ್ನೋ ಕೈಯಲ್ಲೇ ತೋರಿಸಬೇಕು. ಇಬ್ಬರದೂ ಒಂದೇ ಉತ್ತರವಾದರೆ ಆ ಹಣ ಪಂಚನಿಗೆ. ಒಬ್ಬ ಒಪ್ಪಿ ಇನ್ನೊಬ್ಬ ಒಪ್ಪದಿದ್ದರೆ ಪಂಚನಿಗೆ ಏನೂ ಇಲ್ಲ. ಅಂದರೆ ಒಬ್ಬನ ಕಡೆ ವಾಲಿದರೆ ನಷ್ಟ ಪಂಚನಿಗೇ. ಟೋಪಿಯೊಳಗೆ ಕೈ, ಹ್ಯಾಂಡ್ ಇನ್ ಕ್ಯಾಪ್. ಮುಂದೆ ಕುದುರೆ ಓಟಕ್ಕೆ ಆ ಪದ ಹೋಯಿತು, ಅಲ್ಲಿಂದ ಬೇರೆ ಆಟಗಳಿಗೆ.

ನಮಗೆ ಇದರಲ್ಲಿ ಕಂಡಿದ್ದು ಇಷ್ಟು. ಅಳತೆ ಯಾವುದೇ ಇರಲಿ, ಕೆ.ಜಿ. ಇರಲಿ, ಅಂಕಿ ಇರಲಿ, ಅದು ಪೂರ್ತಿ ಸರಿ ಇರೋಕೆ ಸಾಧ್ಯವಿಲ್ಲ. ಆಟಕ್ಕೆ ಮುಂಚೆ ಇಬ್ಬರೂ ಒಪ್ಪಿರಬೇಕು, ಅಳೆಯುವವನಿಗೆ ಅದರಲ್ಲಿ ಲಾಭ ಇರಬಾರದು, ಅಳೆಯೋದು ಎಲ್ಲರಿಗೂ ಕಾಣಬೇಕು. ಆಗ ಸೋತವನೂ ಕೈ ಕುಲುಕಿ ಮನೆಗೆ ಹೋಗ್ತಾನೆ.

"ಬಲ ಇದ್ದವನು ಗೆಲ್ಲಲಿ ಬಿಡಿ"

ಹೀಗೆ ಹೇಳುವ ಹಿರಿಯರು ಪ್ರತಿ ಊರಲ್ಲೂ ಇದ್ದಾರೆ. ರಿಯಾಯಿತಿ ಕೊಟ್ಟರೆ ಆಟಗಾರ ಬೆಳೆಯಲ್ಲ ಅಂತಾರೆ. ಅವರ ಮಾತಲ್ಲೂ ಸತ್ಯ ಇದೆ. ಓಪನ್ ವಿಭಾಗ ಇರಲೇಬೇಕು, ಜಿಲ್ಲೆಗೆ ರಾಜ್ಯಕ್ಕೆ ಹೋಗುವವರು ಅಲ್ಲೇ ಪಳಗಬೇಕು.

ಆದರೆ ಕಬಡ್ಡಿಯ ನಿಯಮಗಳನ್ನೇ ನೋಡಿ. ಎದುರಿಗೆ ಆರು ಜನ ಅಥವಾ ಹೆಚ್ಚು ಇದ್ದಾಗ ಮಾತ್ರ ರೈಡರಿಗೆ ಬೋನಸ್. ಐದಕ್ಕಿಳಿದ ತಂಡದ ಮೇಲೆ ಸುಲಭದ ಪಾಯಿಂಟ್ ಇಲ್ಲ. ಮೂರು ಜನ ಅಥವಾ ಅದಕ್ಕಿಂತ ಕಡಿಮೆ ಉಳಿದಾಗ ರೈಡರನ್ನು ಹಿಡಿದರೆ ಸೂಪರ್ ಟ್ಯಾಕಲ್, ಒಂದು ಪಾಯಿಂಟ್ ಜಾಸ್ತಿ. ಎದುರಾಳಿಯನ್ನು ಔಟ್ ಮಾಡಿದರೆ ಹೊರಗೆ ಕೂತವನಿಗೆ ಮತ್ತೆ ಜೀವ. ಬಿದ್ದವರಿಗೆ ಏಳೋಕೆ ದಾರಿ ಇಟ್ಟೇ ಈ ಆಟ ಕಟ್ಟಿದ್ದಾರೆ. ಕೊನೆಯ ಐದು ನಿಮಿಷದಲ್ಲಿ ಜನ ಎದ್ದು ನಿಲ್ಲೋದೂ ಆ ದಾರಿ ಇರೋದರಿಂದಲೇ.

ದುಡ್ಡಿನ ಲೆಕ್ಕವೂ ಇದೆ. ಪಂದ್ಯಾವಳಿ ನಡೆಯೋದು ಪ್ರವೇಶ ಶುಲ್ಕದಿಂದ. ಲೈಟು, ಮ್ಯಾಟು, ಮೈಕು, ಪಲಾವ್ ಎಲ್ಲ ಅದರಿಂದಲೇ ಬರಬೇಕು. ಪ್ರತಿ ವರ್ಷ ಅದೇ ಎರಡು ತಂಡ ಕಪ್ ಒಯ್ದರೆ ಉಳಿದವರು ಮುಂದಿನ ವರ್ಷ ಬರಲ್ಲ. ಆಮೇಲೆ ಗೆಲ್ಲೋಕೆ ಪಂದ್ಯಾವಳಿಯೇ ಇರಲ್ಲ.

ಇನ್ನೊಂದು ಮಾತು. ಶಾಲೆಯ ಕ್ರೀಡಾಕೂಟಗಳಲ್ಲಿ ನಮ್ಮ ಹೆಣ್ಣುಮಕ್ಕಳು ಚೆನ್ನಾಗಿ ಆಡ್ತಾರೆ, ತಾಲ್ಲೂಕು ಮಟ್ಟಕ್ಕೂ ಹೋಗ್ತಾರೆ. ಪಿಯುಸಿ ಮುಗಿದ ಮೇಲೆ ಯಾವ ಪೋಸ್ಟರಿನಲ್ಲೂ ಅವರ ವಿಭಾಗ ಕಾಣಲ್ಲ. ಗಂಡಸರ ಅಂಕಣ 13 ಮೀಟರಿಗೆ 10 ಮೀಟರ್, ಹೆಂಗಸರದು 12ಕ್ಕೆ 8. ಅದೇ ಮ್ಯಾಟಿನ ಮೇಲೆ ಒಳಗೊಂದು ಗೆರೆ ಎಳೆದರೆ ಆಯ್ತು. ರಾತ್ರಿ ಬೇಡ ಅಂದರೆ ಮಧ್ಯಾಹ್ನ ಮೂರಕ್ಕೆ ಇಡಿ. ಇಲ್ಲಿ ಕೊಡಬೇಕಾದ ರಿಯಾಯಿತಿ ಇಷ್ಟೇ, ಹಗಲಿನ ಎರಡು ಗಂಟೆ.

ಈ ಸಲದ ಪೋಸ್ಟರಿಗೆ

ಪಂದ್ಯಾವಳಿ ಮಾಡುವ ಯುವಕ ಸಂಘದವರಿಗೆ ನಮ್ಮ ಕಡೆಯಿಂದ ಕೆಲವು ಮಾತು. ಖರ್ಚಿನದು ಯಾವುದೂ ಇಲ್ಲ.

ಒಂದು, ತೂಕಕ್ಕೆ ಒಂದೇ ಅವಕಾಶ. ಮೊದಲ ಪಂದ್ಯಕ್ಕೆ ಸ್ವಲ್ಪ ಮುಂಚೆ ಹಾಕಿ. ಹೆಚ್ಚು ಬಂದರೆ ಓಡಿ ಬಂದು ಮತ್ತೆ ಹತ್ತುವಂತಿಲ್ಲ ಅಂತ ಪೋಸ್ಟರಿನಲ್ಲೇ ಹಾಕಿ. ಆಗ ಜರ್ಕಿನ್ ಓಟ ಕಡಿಮೆಯಾಗುತ್ತೆ. ಹೊರಡುವಾಗಲೇ ನಿಜವಾದ 50 ಕೆ.ಜಿ. ಹುಡುಗನನ್ನು ತಂಡ ಕರಕೊಂಡು ಬರುತ್ತೆ.

ಎರಡು, ಕಾಟಾವನ್ನು ಎಲ್ಲರ ಮುಂದೆ ಪರೀಕ್ಷೆ ಮಾಡಿ. ಒಡೆಯದ 50 ಕೆ.ಜಿ. ಸಿಮೆಂಟ್ ಚೀಲ ಇಟ್ಟು ತೋರಿಸಿ. ಯೂರಿಯಾ ಚೀಲ ಇಡಬೇಡಿ, ಅದು 2018ರಿಂದ 45 ಕೆ.ಜಿ. ಆಗಿದೆ. ಇದರಿಂದಲೇ ಜಗಳ ಆಗೋದು ಬೇಡ.

ಮೂರು, ಕಾಟಾದ ಹತ್ತಿರ ಎದುರಾಳಿ ತಂಡದ ನಾಯಕನೂ ನಿಲ್ಲಲಿ. ತೂಗುವವರು ಆಡುವ ಯಾವ ಊರಿನವರೂ ಆಗಿರದಿದ್ದರೆ ಇನ್ನೂ ಒಳ್ಳೇದು. ಪ್ರತಿಯೊಬ್ಬರ ತೂಕ ಮೈಕಿನಲ್ಲಿ ಹೇಳಿ, ಹಾಳೆಯಲ್ಲಿ ಬರೆದು ಕಂಬಕ್ಕೆ ಅಂಟಿಸಿ.

ನಾಲ್ಕು, ಲೋಕಲ್ ಅಂದರೆ ಯಾರು ಅಂತ ಮೊದಲೇ ಬರೀರಿ. ವೋಟರ್ ಲಿಸ್ಟೋ, ಆಧಾರೋ, ಊರಲ್ಲಿ ಒಂದು ವರ್ಷ ವಾಸವೋ, ಯಾವುದಾದರೂ ಒಂದು. ಅಜ್ಜಿ ಮನೆಯ ಹುಡುಗ ಮತ್ತು ಕೂಲಿಗೆ ಬಂದ ಕುಟುಂಬದ ಹುಡುಗನ ಬಗ್ಗೆ ಒಂದು ಸಾಲು ಇರಲಿ. ಪಟ್ಟಿಯ ಮೇಲೆ ಆಕ್ಷೇಪ ಇದ್ದರೆ ಆಟಕ್ಕೆ ಮುಂಚೆ ಹೇಳಬೇಕು, ಸೀಟಿ ಊದಿದ ಮೇಲೆ ಇಲ್ಲ.

ಐದು, ಅಂಕಪಟ್ಟಿಯ ಟೇಬಲ್ಲಿಗೆ ಎರಡೂ ಕಡೆಯ ಒಬ್ಬೊಬ್ಬರನ್ನು ಕೂರಿಸಿ. ಅಂಕ ಬರೆಯುವವರಿಗೂ ಇದರಿಂದ ಒಳ್ಳೇದೇ. ಬೈಗುಳ ಅರ್ಧ ಕಡಿಮೆ.

ಇಷ್ಟು ಮಾಡಿದರೆ ಎಲ್ಲರೂ ಸಮ ಆಗಲ್ಲ. ಪಳಗಿದವನು ಆಗಲೂ ಹೆಚ್ಚು ಸಲ ಗೆಲ್ತಾನೆ, ಗೆಲ್ಲಲಿ. ಆದರೆ ಕುಮುದ್ವತಿಯ ಈ ದಡದ ಹುಡುಗನಿಗೂ ದಂಡಾವತಿಯ ಆ ದಡದ ಹುಡುಗನಿಗೂ "ಇವತ್ತು ನಾನು ಗೆಲ್ಲಬಹುದು" ಅನ್ನೋ ನಂಬಿಕೆ ಸುಳ್ಳಾಗಿರಲ್ಲ. ಪ್ರವೇಶ ಶುಲ್ಕ ಕಟ್ಟಿ ಅವನು ಕೊಂಡುಕೊಂಡಿದ್ದು ಅದನ್ನೇ.

ಪೋಸ್ಟರ್ ಪ್ರಿಂಟಿಗೆ ಹೋಗುವ ಮುಂಚೆ ಇದನ್ನು ನಿಮ್ಮ ಸಂಘದ ಗ್ರೂಪಿಗೆ ಒಂದು ಸಲ ಕಳಿಸಿ. ಫೋಟೋಗಳನ್ನು ಸ್ವಲ್ಪ ಚಿಕ್ಕದು ಮಾಡಿದರೆ ಈ ಐದೂ ಸಾಲಿಗೆ ಜಾಗ ಆಗುತ್ತೆ.